ಆಚೆ ದಡದ ಓ

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿ ಎಲ್ಲವೂ ಮಿತ, ಮಾತಂತೂ ತೀರ ಮಿತ. ಪಂಕ್ತಿಯಲ್ಲಿ ಕುಳಿತವರು ಸಾರು ಬೇಕಾದರೆ ಬಟ್ಟಲನ್ನು ಮುಂದೆ ಸರಿಸುತ್ತಿದ್ದರು, ಸಾಕಾದರೆ ಹಿಂದೆ.

ಗುರು ನಿರ್ವಾಣಯ್ಯನವರ ಹತ್ತಿರ ಒಂದು ಕಾವಿ ಬಳಪವಿತ್ತು. ಶಿಷ್ಯರು ಏನು ಬರೆದು ತಂದರೂ ಅವರು ಆ ಬಳಪ ಹಿಡಿದೇ ಓದುವರು. ಎಲ್ಲರಿಗೂ ಗೊತ್ತಿರುವ ಮಾತು ಕಂಡರೆ ಅದರ ಮೇಲೆ ಗೆರೆ ಎಳೆಯುವರು.

“ಗೊತ್ತಿದ್ದದ್ದನ್ನ ಮತ್ತ ಹೇಳೂದಂದ್ರ ಕೇಳಾವ್ರಿಗೆ ಅವಮಾನ ಮಾಡಿದಂಗ,” ಎನ್ನುತ್ತಿದ್ದರು.

ಶಿಷ್ಯರು ಆ ಗೆರೆಗಳನ್ನು ಪ್ರಸಾದ ಎಂದೇ ತಿಳಿದಿದ್ದರು. ಹೆಚ್ಚು ಗೆರೆ ಬಿದ್ದವನು ತಲೆ ತಗ್ಗಿಸುವನು. ಗೆರೆಯೇ ಬೀಳದವನು ಒಂದು ವಾರ ಎದೆಯುಬ್ಬಿಸಿ ತಿರುಗುವನು. ಮಾತು ಬಿಟ್ಟವರಿಗೂ ಜಂಬ ಬಿಡುವುದು ಕಷ್ಟವೇ.

ಮಠದ ಮಗ್ಗುಲಿಗೇ ಹೊಳೆಗೆ ಒಂದು ಒಡ್ಡು, ಒಡ್ಡಿಗೆ ಎರಡು ಬಾಗಿಲು. ಬೆಟ್ಟದಲ್ಲಿ ಮಳೆಯಾಗಿ ನೀರು ಒಡ್ಡಿನ ಮೇಲಿನ ಗುರುತಿಗೇರಿದರೆ ಬಾಗಿಲು ತೆರೆಯಬೇಕು. ಇಲ್ಲದಿದ್ದರೆ ನೀರು ಮಠದೊಳಗೆ ನುಗ್ಗುತ್ತದೆ.

ಒಡ್ಡಿನ ಕೆಳಗೆ ಹೊಳೆ ದಾಟಲು ಹನ್ನೆರಡು ಕಲ್ಲುಗಳ ಸಾಲು. ಬಾಗಿಲು ತೆರೆದರೆ ಆ ಕಲ್ಲುಗಳು ಮುಳುಗುತ್ತವೆ.

ಬಾಗಿಲು ಕಾಯುವವನು ಅಂಬಿಗರ ಯಂಕೋಬ. ನಲವತ್ತು ವರ್ಷ ಅವನದು ಒಂದೇ ಪದ್ಧತಿ. ಮೊದಲು ಕೊಂಬು ಊದುವನು. ಕಲ್ಲಿನ ಮೇಲಿದ್ದವರು ಎತ್ತ ಹೊರಟಿದ್ದರೂ ಎತ್ತರದ ಆಚೆ ದಡವನ್ನೇ ಸೇರುವರು. ಕೊನೆಗೆ ದಡ ಹತ್ತಿದವರು ತಿರುಗಿ ನಿಂತು “ಓ” ಎಂದು ಕೂಗುವರು. ಆ ಓ ಕಿವಿಗೆ ಬಿದ್ದ ಮೇಲೆಯೇ ಯಂಕೋಬನ ಕೈ ಬಾಗಿಲಿನ ಚಕ್ರಕ್ಕೆ ಹೋಗುತ್ತಿತ್ತು.

ಅವನು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದದ್ದು ದ್ಯಾವಮ್ಮನಿಗೆ. ದ್ಯಾವಮ್ಮ ಆಚೆ ದಡದವಳು. ದಾಸೋಹಕ್ಕೆಂದು ದಿನಾ ಬೆಳಿಗ್ಗೆ ಒಂದು ಬುಟ್ಟಿ ಜೋಳದ ರೊಟ್ಟಿ ಹೊತ್ತು ಬರುವಳು. ಮಂಡಿನೋವು ಬೇರೆ. ಒಂದು ಕಲ್ಲು ದಾಟಿದರೆ ನಿಂತು ಉಸಿರು ತೆಗೆದುಕೊಂಡು ಮುಂದಿನದು.

“ಲಗೂನ ದಾಟಬೇ ಮುದುಕಿ, ನೀರು ಕಾಯಂಗಿಲ್ಲ,” ಎಂದು ಯಂಕೋಬ ಕಾಡಿಸುವನು.

“ನೀರು ಕಾಯಲಿಕ್ಕಿಲ್ಲ, ನೀ ಕಾಯ್ತಿ ಬಿಡು,” ಎನ್ನುವಳು ದ್ಯಾವಮ್ಮ.

ವಯಸ್ಸಾಗುತ್ತ ಯಂಕೋಬನ ಕಣ್ಣು ಪೂರ್ತಿ ಮಂಜಾದವು. ಚಕ್ರ ತಿರುಗಿಸುವ ತೋಳಿನಲ್ಲೂ ಕಸುವು ಉಳಿಯಲಿಲ್ಲ.

ಮಠದಲ್ಲಿ ಕಂಪ್ಯೂಟರು ಬಲ್ಲ ಒಬ್ಬನೇ ಶಿಷ್ಯ, ತೋಂಟೇಶ. ಅವನು ಬಾಗಿಲುಗಳಿಗೆ ಮೋಟಾರು ಹಾಕಿಸಿದ. ಕೊಂಬನ್ನು ಧ್ವನಿವರ್ಧಕಕ್ಕೆ ಏರಿಸಿದ. ಆಚೆ ದಡದಲ್ಲಿ ಒಂದು ಮೈಕು ನೆಟ್ಟ. ಇವನ್ನೆಲ್ಲ ನಡೆಸಲು ಒಂದು ಎಐ ಏಜೆಂಟನ್ನು ಕೂಡಿಸಿದ.

“ಅದಕ್ಕ ಎಲ್ಲಾ ತಿಳಿತೈತೇನು?” ಎಂದು ನಿರ್ವಾಣಯ್ಯನವರು ಕೇಳಿದರು.

“ಓದಿದ್ದು ತಿಳಿತೈತ್ರಿ ಅಪ್ಪಾರ. ಅದರ ಕೈಗೆ ನಾಲ್ಕು ಟೂಲು ಕೊಟ್ಟೀನಿ. ಮಟ್ಟ ಅಂದ್ರ ನೀರು ಅಳಿಯೂದು. ಕೊಂಬು, ಕಿವಿ, ಬಾಗಿಲು. ಯಾವ ಟೂಲು ಏನು ಮಾಡ್ತೈತಿ, ಯಾವಾಗ ಹಿಡೀಬೇಕು ಅಂತ ನಾ ಬರದಿಟ್ಟಿದ್ದನ್ನ ಓದಿ ಕೆಲಸ ಮಾಡ್ತೈತಿ.”

“ಮತ್ತ ಬರೀ. ಬರದು ತಾ.”

ತೋಂಟೇಶ ಒಂದು ತಿಂಗಳು ಯಂಕೋಬನ ಪಕ್ಕ ಕುಳಿತ. ಮುದುಕ ಹೇಳಿದ್ದನ್ನೆಲ್ಲ ಬರೆದುಕೊಂಡ. ಮೂವತ್ತೆರಡು ಸಾಲಾಯಿತು. ಮುದ್ರಿಸಿ ಗುರುಗಳ ಮುಂದಿಟ್ಟ.

ನಿರ್ವಾಣಯ್ಯನವರು ಕಾವಿ ಬಳಪ ತೆಗೆದರು. ಗೆರೆ ಬೀಳತೊಡಗಿದವು. ಸುತ್ತ ಕುಳಿತ ಶಿಷ್ಯರು ಮುಸಿಮುಸಿ ನಕ್ಕರು.

ಹತ್ತೊಂಬತ್ತನೆಯ ಸಾಲಿಗೆ ಬಂದು ಗುರುಗಳು ಗಟ್ಟಿಯಾಗಿ ಓದಿದರು.

“ಕೊಂಬು ಊದಿದ ಮೇಲೆ, ಕಿವಿಯಲ್ಲಿ ಆಚೆ ದಡದ ‘ಓ’ ಕೇಳುವ ತನಕ ಕಾಯಬೇಕು. ಅದು ಕೇಳದೆ ಬಾಗಿಲು ತೆರೆಯಬಾರದು.”

ಓದಿ ತಲೆಯೆತ್ತಿದರು.

“ಇದು ಯಾರಿಗೆ ಗೊತ್ತಿಲ್ಲೋ ತೋಂಟ್ಯಾ? ಊರಾಗಿನ ಕೂಸಿಗೂ ಗೊತ್ತೈತಿ.”

“ಯಂತ್ರಕ್ಕ ಗೊತ್ತಿಲ್ರಿ.”

“ಇಷ್ಟು ಶ್ಯಾಣ್ಯಾ ಯಂತ್ರ ಅಂತಿ. ಕಿವಿ ಕೊಟ್ಟ ಮ್ಯಾಲ ಕೇಳು ಅಂತ ಬ್ಯಾರೆ ಹೇಳಬೇಕೇನು?”

ಆ ಮಾತಿಗೆ ಮೊದಲು ನಕ್ಕವರು ಗುರುಗಳೇ, ಹಿಂದೆ ಎಲ್ಲರೂ. ತೋಂಟೇಶನೂ ನಕ್ಕ. ಒಳಗೆ ಏನೋ ಚುರುಕ್ ಎಂದಿತು. ಆದರೆ ಗುರುಗಳ ಬಳಪವನ್ನು ತಡೆಯುವ ಶಿಷ್ಯ ಆ ಮಠದಲ್ಲಿ ಹುಟ್ಟಿರಲಿಲ್ಲ.

ಆ ಸಾಲಿನ ಮೇಲೆ ಗೆರೆ ಬಿತ್ತು.

ಕೊನೆಗೆ ಉಳಿದದ್ದು ನಾಲ್ಕು ಸಾಲು. ಮಟ್ಟ: ನೀರಿನ ಎತ್ತರ ತಿಳಿಸುತ್ತದೆ. ಕೊಂಬು: ಎಚ್ಚರಿಕೆ ಕೊಡುತ್ತದೆ. ಕಿವಿ: ಆಚೆ ದಡದ ಸದ್ದು ಕೇಳಿಸುತ್ತದೆ. ಬಾಗಿಲು: ನೀರು ಗುರುತು ಮುಟ್ಟಿದಾಗ, ಕೊಂಬು ಊದಿ ತೆರೆಯಬೇಕು.

“ಈಗ ಇದು ಬರವಣಿಗಿ ಆತು,” ಎಂದರು ನಿರ್ವಾಣಯ್ಯನವರು.

ಅಷ್ಟು ಗೆರೆ ಬಿದ್ದರೂ ಆ ಮಾತಿಗೆ ತೋಂಟೇಶ ಒಂದು ವಾರ ಎದೆಯುಬ್ಬಿಸಿ ತಿರುಗಿದ.

ಎಂಟು ತಿಂಗಳು ಏನೂ ಆಗಲಿಲ್ಲ. ನೀರೇರಿದಾಗ ಕೊಂಬು ಊದುತ್ತಿತ್ತು. ಕಾಲಲ್ಲಿ ಕಸುವಿದ್ದವರು ಓಡಿ ದಡ ಸೇರಿ “ಓ” ಎನ್ನುತ್ತಿದ್ದರು. ಅಷ್ಟರಲ್ಲಿ ಬಾಗಿಲು ಏಳುತ್ತಿತ್ತು. ತಮ್ಮ ಓ ಕೇಳಿಯೇ ಅದು ತೆರೆಯಿತೆಂದು ಎಲ್ಲರೂ ತಿಳಿದರು. ಹಾಗಲ್ಲ ಎಂದು ಯಾರಿಗೆ ಹೊಳೆಯಬೇಕು?

ಶ್ರಾವಣದ ಒಂದು ಬೆಳಿಗ್ಗೆ ದ್ಯಾವಮ್ಮ ಏಳನೆಯ ಕಲ್ಲಿನ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕೊಂಬು ಊದಿತು. ಅವಳು ಅವಸರ ಮಾಡಲಿಲ್ಲ. ನಲವತ್ತು ವರ್ಷ ಬಾಗಿಲು ಅವಳಿಗಾಗಿ ಕಾದಿತ್ತು.

ಜಗಲಿಯ ಮೇಲೆ ಕುಳಿತಿದ್ದ ಕುರುಡ ಯಂಕೋಬನಿಗೆ ಕೊಂಬು ಕೇಳಿಸಿತು. ಅದರ ಹಿಂದೆಯೇ ಮೋಟಾರು ಕೇಳಿಸಿತು. ನಡುವೆ ಏನೂ ಕೇಳಿಸಲಿಲ್ಲ.

“ಓ ಬಂದಿಲ್ಲೋ!” ಎಂದು ಅವನು ಕೂಗಿದ. “ಇನ್ನಾ ಓ ಬಂದಿಲ್ಲೋ! ನಿಲ್ಲಸ್ರೋ!”

ತೋಂಟೇಶ ಓಡಿಬಂದಾಗ ಹೊಳೆಯ ಮೇಲೆ ರೊಟ್ಟಿ ತೇಲುತ್ತಿದ್ದವು.

ದ್ಯಾವಮ್ಮ ಸಂಜೆಗೆ ಕೆಳಗಿನ ತಿರುವಿನಲ್ಲಿ, ಹೊಂಗೆಯ ಬೇರಿನಲ್ಲಿ ಸಿಕ್ಕಳು. ಇದನ್ನು ಹೇಳಲು ನನಗೂ ನಾಲಿಗೆ ಏಳುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮಠದಲ್ಲಿ ಒಲೆ ಹಚ್ಚಲಿಲ್ಲ.

ಮೂರನೆಯ ದಿನ ಎರಡೂ ದಡದ ಜನ ಅಂಗಳದಲ್ಲಿ ಸೇರಿದರು. ದ್ಯಾವಮ್ಮನ ಮಗಳು ಶಂಕ್ರವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ.

“ಯಂತ್ರಕ್ಕ ಬುದ್ಧಿ ಎಲ್ಲೈತಿ? ಒಡದು ಹೊಳಿಗೆ ಒಗೀರಿ,” ಎಂದ ಒಬ್ಬ.

“ಯಂತ್ರ ಕೂಡಿಸಿದಾಂವಂದು ತಪ್ಪು,” ಎಂದ ಇನ್ನೊಬ್ಬ.

“ಹೌದ್ರಿ, ನಂದ ತಪ್ಪು,” ಎಂದ ತೋಂಟೇಶ. ಬಳಪದ ಸುದ್ದಿ ಎತ್ತಲಿಲ್ಲ.

ನಿರ್ವಾಣಯ್ಯನವರು ಅವನ ಕಡೆ ನೋಡಿದರು.

“ಅದಕ್ಕ ಕೇಳು,” ಎಂದರು.

“ಯಾರಿಗ್ರಿ ಅಪ್ಪಾರ?”

“ಏಜೆಂಟಿಗೆ. ಯಾಕ ಕಾಯಲಿಲ್ಲ ಅಂತ ಎಲ್ಲಾರ ಮುಂದ ಕೇಳು.”

ತೋಂಟೇಶ ಪ್ರಶ್ನೆ ಬರೆದ. ಪರದೆಯ ಮೇಲೆ ಬಂದ ಉತ್ತರವನ್ನು ಓದಿ ಹೇಳಿದ.

“ನೀರು ಗುರುತು ಮುಟ್ಟಿತ್ತು. ಕೊಂಬು ಊದಿದೆ. ಬಾಗಿಲು ತೆರೆದೆ. ನಡುವೆ ಕಾಯಬೇಕೆಂದು ನನಗೆ ಕೊಟ್ಟ ವಿವರಣೆಯಲ್ಲಿ ಇಲ್ಲ. ಹೊಳೆಯಲ್ಲಿ ಜನ ದಾಟುತ್ತಾರೆ ಎಂದೂ ಇಲ್ಲ.”

“ಕಿವಿ ಕೊಟ್ಟಿದ್ವಲ್ಲ ಅಂತ ಕೇಳು.”

“ಕಿವಿ ಆಚೆ ದಡದ ಸದ್ದು ಕೇಳಿಸುತ್ತದೆ ಎಂದಿದೆ. ಯಾವಾಗ ಕೇಳಬೇಕು, ಏನನ್ನು ಕೇಳಬೇಕು ಎಂದಿಲ್ಲ.”

  

“ಸೊಕ್ಕು ನೋಡ್ರಿ ಅದರದು,” ಎಂದ ಮೊದಲಿನವ.

“ಸೊಕ್ಕಲ್ಲಪಾ,” ಎಂದರು ನಿರ್ವಾಣಯ್ಯನವರು. “ಇದ್ದದ್ದು ಹೇಳೇತಿ.”

ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೆಯ ಹಾಳೆಗಳಿದ್ದವು. ಕಾವಿ ಗೆರೆ ಬಿದ್ದ ಹಾಳೆಗಳು. ಶಂಕ್ರವ್ವನ ಮುಂದೆ ನಿಂತು ಹತ್ತೊಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇಂವ ಬರದಿದ್ದ. ನಾ ಹೊಡದು ಹಾಕಿದೆ.”

ಶಂಕ್ರವ್ವನಿಗೆ ಓದು ಬರುತ್ತಿತ್ತು. ಹಾಳೆ ತೆಗೆದುಕೊಂಡು ಗೆರೆಯ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಮತ್ತೊಮ್ಮೆ ಓದಿದಳು.

“ಇದೊಂದು ಸಾಲು ಹೆಚ್ಚಿದ್ರ ನಿಮ್ಮದೇನು ಹೋಗ್ತಿತ್ರಿ ಅಪ್ಪಾರ?” ಎಂದಳು.

ಗುರುಗಳು ತಲೆ ತಗ್ಗಿಸಿದರು. 

ಅವಳು ಹಾಳೆಗಳನ್ನು ಅವರ ಕೈಗಿಟ್ಟು, ಕಲ್ಲಿನ ಸಾಲು ಬಿಟ್ಟು, ಮೂರು ಹರದಾರಿ ಸುತ್ತಿನ ಸೇತುವೆಯ ದಾರಿ ಹಿಡಿದು ಮನೆಗೆ ಹೋದಳು.

ಜನ ಚದುರಿದ ಮೇಲೆ ತೋಂಟೇಶ ಗುರುಗಳ ಕಾಲ ಬಳಿ ಕುಳಿತ.

“ಅಪ್ಪಾರ, ತಪ್ಪು ನಂದೂ ಐತಿ. ನೀವು ಗೆರಿ ಎಳದಾಗ ನನ್ನ ಮನಸಿಗೆ ಅನಸಿತ್ತು. ಬಾಯಿ ಬಿಡಲಿಲ್ಲ.”

“ಯಾಕ ಬಿಡಲಿಲ್ಲ?”

“ಎಲ್ಲಾರೂ ನಗಾಕತ್ತಿದ್ರು.”

“ಮೊದಲ ನಕ್ಕಾಂವ ಯಾರು?”

ತೋಂಟೇಶ ನೆಲ ನೋಡಿದ.

“ಹೇಳು.”

“ನೀವ್ರಿ.”

ನಿರ್ವಾಣಯ್ಯನವರು ತಲೆಯಾಡಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಬಂದ ಬುದ್ಧಿಯಿಂದ ದ್ಯಾವಮ್ಮ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಯಂತ್ರ ತಗದು ಬಿಡ್ಲೇನ್ರಿ?”

“ಬಾಗಿಲ ಯಾರು ತೆರೀತಾರ? ಯಂಕೋಬಗ ಕಣ್ಣಿಲ್ಲ. ನಾಳೆ ಕೂಡಿಸೋ ಆಳಿಗೂ ನಾವು ಹೇಳಲಿಲ್ಲಂದ್ರ ಇದ ಆಕ್ಕೈತಿ. ಮೊದಲಿಂದ ಬರೀ.”

ತೋಂಟೇಶ ಬರೆದ. ಈ ಸಲ ಐವತ್ತು ಸಾಲಾಯಿತು. ಗುರುಗಳ ಮುಂದಿಟ್ಟ. ಅವರು ಮುಟ್ಟಲಿಲ್ಲ.

“ನಾ ಓದೂದು ಬ್ಯಾಡ.”

“ಮತ್ತ ಯಾರು ಓದಬೇಕ್ರಿ?”

“ನಾ ಓದಿದರ ಬಿಟ್ಟದ್ದೆಲ್ಲಾ ನನ್ನ ತಲಿಯಿಂದ ಬಂದು ಕೂಡ್ತೈತಿ. ಈ ಹೊಳಿ ನೋಡದಾಂವನ್ನ ಕರಕೊಂಡು ಬಾ.”

ಆ ಮಧ್ಯಾಹ್ನ ದೂರದ ಊರಿನ ಒಬ್ಬ ಲಾರಿ ಡ್ರೈವರು ದಾಸೋಹಕ್ಕೆ ಬಂದಿದ್ದ. ಉಂಡು ಕೈತೊಳೆಯುತ್ತಿದ್ದವನ ಕೈಗೆ ತೋಂಟೇಶ ಹಾಳೆ ಕೊಟ್ಟ.

“ಅಣ್ಣಾ, ನೀ ಇಲ್ಲೆ ಒಬ್ಬನ ಇದ್ದಿ ಅಂತ ತಿಳಕೋ. ಕೇಳಾಕ ಯಾರೂ ಇಲ್ಲ. ಇದನ್ನ ಓದಿ ಬಾಗಿಲ ತೆರೀಬೇಕು. ಎಲ್ಲಿ ತಿಳಿಯಂಗಿಲ್ಲ ಹೇಳು.”

ಡ್ರೈವರು ಲುಂಗಿಗೆ ಕೈ ಒರೆಸಿಕೊಂಡು ಓದಿದ.

“ಕೊಂಬು ಊದ್ಬಿಟ್ಟು ಓ ಅನ್ನೋವರ್ಗೂ ಕಾಯ್ಬೇಕು, ಸರಿ. ಯಾರೂ ಓ ಅನ್ನದೇ ಇದ್ರೆ?”

ತೋಂಟೇಶ ಯಂಕೋಬನ ಕಡೆ ನೋಡಿದ. ಮುದುಕ ಜಗಲಿಯಿಂದಲೇ ಹೇಳಿದ. “ಮತ್ತ ಊದತಿದ್ದೆ. ಮೂರು ಸಲ ಊದತಿದ್ದೆ.”

“ಮೂರು ಸಲಕ್ಕೂ ಅನ್ಲಿಲ್ಲ. ಹೊಳೇಲಿ ಯಾರೂ ಇಲ್ಲವೇ ಇಲ್ಲ ಅಂತಿಟ್ಕೊಳ್ಳಿ. ಓ ಅನ್ನೋರು ಯಾರು?”

“ನಾನ ಇಳದು ಹೋಗಿ, ಒಂದೊಂದು ಕಲ್ಲೂ ನೋಡಿ, ನಾನ ಓ ಅಂತಿದ್ದೆ,” ಎಂದ ಯಂಕೋಬ.

ತೋಂಟೇಶ ಬೆರಗಾದ. “ಇದನ್ನ ನನಗ ಹೇಳಿರಲಿಲ್ಲಲ್ಲೋ ಅಜ್ಜಾ.”

“ನೀ ಕೇಳಿರಲಿಲ್ಲ. ನನಗೂ ಅದು ಹೇಳೂವಂಥಾ ಮಾತು ಅನಸಲಿಲ್ಲ.”

ತೋಂಟೇಶ ಬರೆದುಕೊಂಡ. ಏಜೆಂಟಿಗೆ ಕಾಲಿಲ್ಲ, ಇಳಿದು ಹೋಗಿ ನೋಡಲಾರದು. ಮೂರು ಸಲ ಊದಿದರೂ ಓ ಬಾರದಿದ್ದರೆ ಅದು ಮಠದ ಗಂಟೆ ಬಾರಿಸಬೇಕು, ಗಂಟೆಯನ್ನೂ ಅದರ ಕೈಗೆ ಐದನೆಯ ಟೂಲಾಗಿ ಕೊಡಬೇಕು. ಮನುಷ್ಯರು ಹೋಗಿ ನೋಡಿ ಓ ಎನ್ನಬೇಕು.

ಡ್ರೈವರು ಹಾಳೆ ಮಡಚಿ ಮತ್ತೆ ಬಿಚ್ಚಿದ.

“ಇನ್ನೊಂದು. ಓ ಬಂದಿಲ್ಲ, ಗಂಟೆ ಹೊಡೆದ್ರೂ ಯಾರೂ ಎದ್ದಿಲ್ಲ. ನೀರು ಮಠದೊಳಕ್ಕೆ ನುಗ್ತಾ ಐತೆ. ಅವಾಗ ತೆರೀಲೋ ಬ್ಯಾಡ್ವೋ?”

ತೋಂಟೇಶ ಒಳಮನೆಯ ಕಡೆ ತಿರುಗಿ ನೋಡಿದ. ಇದನ್ನು ಹೇಳುವ ಅಧಿಕಾರ ಅವನಿಗಿರಲಿಲ್ಲ.

ಒಳಗಿನಿಂದ ನಿರ್ವಾಣಯ್ಯನವರ ದನಿ ಬಂತು.

“ಮಠಕ್ಕ ನೀರು ಬಂದ್ರ ಬರಲಿ. ತೆರೀಬಾರದು. ಹಂಗಂತ ಬರೀ.”

“ಗದ್ದುಗಿ ತೊಯ್ತೈತ್ರಿ ಅಪ್ಪಾರ.”

“ಗದ್ದುಗಿ ಒಣಗತೈತಿ. ಬರೀ.”

ಡ್ರೈವರಿಗೆ ಇದ್ಯಾವುದರ ಹಿಂದು ಮುಂದು ಗೊತ್ತಿರಲಿಲ್ಲ. ತಾನೇನೋ ತಪ್ಪು ಕೇಳಿದೆ ಎಂದು ತಿಳಿದು ಕೈಮುಗಿದು ಹೊರಟ. ಹೋಗುವಾಗ ತೋಂಟೇಶ ಅವನ ಕಾಲು ಮುಟ್ಟಿದ್ದು ನೋಡಿ ಗಾಬರಿಯಾದ.

ಅರವತ್ತೊಂದು ಸಾಲು ಸಿದ್ಧವಾದವು. ಆದರೆ ಕಲ್ಲಿನ ಮೇಲೆ ಕಾಲಿಡುವವರು ಯಾರೂ ಇರಲಿಲ್ಲ. ಎರಡೂ ದಡದವರು ಸೇತುವೆ ಸುತ್ತಿಯೇ ತಿರುಗುತ್ತಿದ್ದರು.

ಹಸ್ತ ಮಳೆಯ ಒಂದು ಬೆಳಿಗ್ಗೆ ಒಡ್ಡಿನಲ್ಲಿ ನೀರು ಗುರುತಿನ ಹತ್ತಿರ ಬಂದಿತ್ತು. ನಿರ್ವಾಣಯ್ಯನವರು ಅಡುಗೆ ಮನೆಗೆ ಹೋಗಿ ದ್ಯಾವಮ್ಮನ ಹಳೆಯ ಬುಟ್ಟಿಯೊಂದನ್ನು ಹುಡುಕಿ ತೆಗೆದರು. ಸಾಯುವ ಹಿಂದಿನ ದಿನ, ಖಾಲಿಯಾದ ಮೇಲೆ ಒಯ್ದರಾಯಿತೆಂದು ಅವಳು ಬಿಟ್ಟು ಹೋದ ಬುಟ್ಟಿ. ಅದನ್ನು ತಲೆಯ ಮೇಲಿಟ್ಟುಕೊಂಡರು.

“ಎಲ್ಲಿಗ್ರಿ ಅಪ್ಪಾರ?”

“ಬುಟ್ಟಿ ಮುಟ್ಟಿಸಿ ಬರ್ತೀನಿ.”

“ನೀರು ಏರಾಕತ್ತೇತ್ರಿ! ಇನ್ನೇನು ಕೊಂಬು ಊದತೈತಿ!”

“ಅದಕ್ಕ ಹೊಂಟೀನಿ.”

“ನಾ ಹೋಗತೀನ್ರಿ. ನೀವು ಬ್ಯಾಡ.”

“ನೀ ಸಾಲು ಬರದಾಂವ. ನಾ ಹೊಡದಾಂವ. ಯಾರು ಹೋಗಬೇಕು ಹೇಳು?”

ಎಪ್ಪತ್ತಾರು ವರ್ಷದ ಕಾಲು. ಒಂದು ಕಲ್ಲು, ಒಂದು ಉಸಿರು. ತೋಂಟೇಶ ಬಾಗಿಲಿನ ಹತ್ತಿರ ಪರದೆ ಹಿಡಿದು ನಿಂತ. ಮೋಟಾರಿನ ತಂತಿ ಕೀಳಲು ಒಂದು ಕೈ ಸಿದ್ಧವಾಗಿಟ್ಟುಕೊಂಡ.

ಗುರುಗಳು ಏಳನೆಯ ಕಲ್ಲು ಮುಟ್ಟಿದಾಗ ಕೊಂಬು ಊದಿತು.

ಅವರು ನಿಂತರು. ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಬುಟ್ಟಿ ಹೊತ್ತು, ಒಡ್ಡಿನ ಕಡೆ ಮುಖ ಮಾಡಿ ನಿಂತರು.

ಪರದೆಯ ಮೇಲೆ ಅಕ್ಷರ ಮೂಡಿದವು. “ಕೊಂಬು ಊದಿದೆ. ಕಿವಿಯಲ್ಲಿ ಓ ಕೇಳಿಲ್ಲ. ಬಾಗಿಲು ತೆರೆಯುವುದಿಲ್ಲ. ಕಾಯುತ್ತಿದ್ದೇನೆ.”

ಎರಡನೆಯ ಸಲ ಊದಿತು. ಗುರುಗಳು ಅಲುಗಲಿಲ್ಲ. “ಕಾಯುತ್ತಿದ್ದೇನೆ.”

ಜಗಲಿಯ ಮೇಲೆ ಯಂಕೋಬ ಕಿವಿ ನಿಮಿರಿಸಿ ಕುಳಿತಿದ್ದ. “ಮೋಟಾರು ಸದ್ದಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡ. “ಸದ್ದಿಲ್ಲ.”

ಮೂರನೆಯ ಸಲ ಊದಿ ಮಠದ ಗಂಟೆ ಬಾರಿಸತೊಡಗಿತು. ಒಡ್ಡಿನ ನೀರು ಅಂಗಳದ ಕಟ್ಟೆಯನ್ನು ನೆಕ್ಕಿತು. ಬಾಗಿಲು ಏಳಲಿಲ್ಲ.

ಆಗ ನಿರ್ವಾಣಯ್ಯನವರು ಹೆಜ್ಜೆ ಕಿತ್ತರು. ಎಂಟು. ಒಂಬತ್ತು. ಹತ್ತು. ಆಚೆ ದಡದಲ್ಲಿ ಗಂಟೆ ಕೇಳಿ ಹೊರಗೆ ಬಂದಿದ್ದ ಶಂಕ್ರವ್ವ ನಿಂತಿದ್ದಳು. ಅವಳು ಕೈ ಚಾಚಲಿಲ್ಲ. ಅವರೂ ಕೇಳಲಿಲ್ಲ. ದಡ ಹತ್ತಿ, ಬುಟ್ಟಿಯನ್ನು ಅವಳ ಮುಂದೆ ಇಳಿಸಿ, ಹೊಳೆಯ ಕಡೆ ತಿರುಗಿದರು.

ಕೂಗಲು ಹೋದರು. ದನಿ ಹೊರಡಲಿಲ್ಲ.

ಬುಟ್ಟಿಯನ್ನೇ ನೋಡುತ್ತಿದ್ದ ಶಂಕ್ರವ್ವ ತಲೆಯೆತ್ತಿದಳು. ಅವರ ಪಕ್ಕದಲ್ಲಿ ನಿಂತು ಅವಳೇ ಕೂಗಿದಳು.

“ಓ!”

ಬಾಗಿಲು ಎದ್ದಿತು. ಏಳನೆಯ ಕಲ್ಲು ಮುಳುಗಿತು.

ಮಧ್ಯಾಹ್ನ ನೀರಿಳಿದ ಮೇಲೆ ಗುರುಗಳು ಅದೇ ಕಲ್ಲುಗಳ ಮೇಲೆ ಈಚೆಗೆ ಬಂದರು. ಬುಟ್ಟಿ ಅಲ್ಲಿಯೇ ಉಳಿದಿತ್ತು. ತೋಂಟೇಶ ನೀರಿನವರೆಗೆ ಓಡಿಹೋಗಿ ಅವರ ಕೈ ಹಿಡಿದ. ಅವನ ಕಣ್ಣು ತುಂಬಿದ್ದವು.

“ಕಾಯ್ತ್ರಿ ಅಪ್ಪಾರ! ಕಡೀತನಕಾ ಕಾಯ್ತು! ಈ ಸಲ ಸರಿಯಾಗಿ ಬರದೇವ್ರಿ!”

ನಿರ್ವಾಣಯ್ಯನವರು ಅವನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡರು. ಬಳಪ ಹಿಡಿಯದೆ ಅವರು ಓದಿದ್ದು ಅದೇ ಮೊದಲು. ಓ ಕೇಳುವ ತನಕ ಕಾಯಬೇಕು ಎಂಬಲ್ಲಿ ಅವರ ಬೆರಳು ನಿಂತಿತು.

“ಈ ಸಾಲು ನೀ ಮೊದಲನೇ ಸಲನ ಸರಿಯಾಗಿ ಬರದಿದ್ದಿ, ತೋಂಟ್ಯಾ.”